ಯಂತ್ರದ ಉತ್ತರಕ್ಕೆ ಹೊಣೆ ಯಾರು?

ಕಚೇರಿಯ ಸಿಬ್ಬಂದಿ ಪರಸ್ಪರ ಸಂದೇಶ ಬರೆದುಕೊಳ್ಳುವ 'ಸ್ಲ್ಯಾಕ್' ಎಂಬ ತಂತ್ರಾಂಶ 2014ರಲ್ಲಿ ಸಾರ್ವಜನಿಕ ಬಳಕೆಗೆ ಬಂದಿತು. ಒಂದು ಸಂದೇಶದ ಉತ್ತರಗಳನ್ನೆಲ್ಲ ಒಂದೇ ಎಳೆಯಲ್ಲಿ ಪೋಣಿಸುವ 'ಥ್ರೆಡ್' ವ್ಯವಸ್ಥೆ 2017ರಲ್ಲಿ ಸೇರಿತು. ಈಗ ಕೃತಕ ಬುದ್ಧಿಮತ್ತೆಯ ಸಹಾಯಕನೂ ಆ ಎಳೆಯಲ್ಲಿ ಉತ್ತರಿಸುವಂತೆ ಉಪಕರಣಗಳನ್ನು ರಚಿಸಲಾಗುತ್ತಿದೆ.

ಈ ರಚನೆಯ ಒಂದು ಗುಣವನ್ನು ಮೆಚ್ಚಲೇಬೇಕು. ಸಹಾಯಕ ಸ್ವಂತ ಹೆಸರಿನಲ್ಲಿ ಉತ್ತರಿಸಿದಾಗ ಪಕ್ಕದಲ್ಲಿ 'ಆ್ಯಪ್' ಎಂಬ ಗುರುತು ಕಾಣುತ್ತದೆ, ಓದುವವರಿಗೆ ಭ್ರಮೆಯಿಲ್ಲ. ಆದರೆ ನೌಕರನ ಅನುಮತಿ ಪಡೆದು ಅವನ ಹೆಸರಿನಲ್ಲಿಯೇ ಬರೆಯುವ ಅವಕಾಶವನ್ನೂ ಅದೇ ವ್ಯವಸ್ಥೆ ನೀಡಿದೆ. ನಮ್ಮ ಆಕ್ಷೇಪವಿರುವುದು ಇಲ್ಲಿ.

ಅಂಗಡಿಯ ಗುಮಾಸ್ತ ಯಜಮಾನನಿಗಾಗಿ ಕಾಗದ ಬರೆದರೆ 'ಪರವಾಗಿ' ಎಂದು ನಮೂದಿಸಿ ತನ್ನ ರುಜು ಹಾಕುತ್ತಾನೆ. ಆ ನಮೂದಿಲ್ಲದೆ "ಮಾಲು ನಾಳೆ ಹೊರಡುತ್ತದೆ" ಎಂದು ಯಂತ್ರ ಬರೆದರೆ, ಸಹೋದ್ಯೋಗಿ ಅದನ್ನು ಮನುಷ್ಯನ ವಚನವೆಂದೇ ನಂಬುತ್ತಾನೆ.

ಗ್ರಾಹಕರ ವಿಷಯದಲ್ಲಿ ಈ ಪ್ರಶ್ನೆ ಈಗಾಗಲೇ ತೀರ್ಮಾನ ಕಂಡಿದೆ. ಬಂಧುವಿನ ಮರಣದ ಸಂದರ್ಭದ ಪ್ರಯಾಣ ರಿಯಾಯಿತಿಯ ಕುರಿತು ಏರ್ ಕೆನಡಾ ಸಂಸ್ಥೆಯ ಸಂವಾದಯಂತ್ರ ಪ್ರಯಾಣಿಕನೊಬ್ಬನಿಗೆ ತಪ್ಪು ಮಾಹಿತಿ ನೀಡಿತ್ತು. ಯಂತ್ರದ ಮಾತಿಗೆ ತಾನು ಹೊಣೆಯಲ್ಲವೆಂಬ ಸಂಸ್ಥೆಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರಲ್ಲಿ ತಿರಸ್ಕರಿಸಿ, ಪರಿಹಾರ ಕೊಡಿಸಿತು. ಕಚೇರಿಯ ಒಳಗಿನ ಮಾತಿಗೂ ಇದೇ ನೀತಿ ಸಲ್ಲಬೇಕು.

ಆದ್ದರಿಂದ ಉಪಕರಣ ರಚಿಸುವವರು ಎರಡು ನಿಯಮಗಳನ್ನು ಪಾಲಿಸಲಿ. ಯಂತ್ರ ತನ್ನ ಹೆಸರಿನಲ್ಲಿಯೇ ಉತ್ತರಿಸಲಿ. ಮನುಷ್ಯನ ಹೆಸರಿನಲ್ಲಿ ಹೋಗಬೇಕಾದ ಕರಡು, ಆತ ಓದಿ ಒಪ್ಪಿದ ಮೇಲೆಯೇ ಹೋಗಲಿ. ಇದರಿಂದ ಶೀಘ್ರತೆ ತುಸು ಕುಂದೀತು. ಕೊಟ್ಟ ಮಾತಿನ ಬೆಲೆ ಉಳಿದೀತು.