ಜ್ಞಾನಮದ: ರತ್ನಕರಂಡಕದ ಮೊದಲ ಎಚ್ಚರಿಕೆ

ಶ್ರಾವಕಧರ್ಮವನ್ನು 150 ಶ್ಲೋಕಗಳಲ್ಲಿ ಅಡಕಗೊಳಿಸಿದ ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಎಂಟು ಮದಗಳನ್ನು ಎಣಿಸುತ್ತದೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ಶರೀರ ಎಂಬ ಈ ಎಣಿಕೆಯಲ್ಲಿ ಕುಲ ಸಂಪತ್ತುಗಳಿಗಿಂತ ಮೊದಲು ಜ್ಞಾನವೇ ಬಂದಿರುವುದನ್ನು ನಾವು ಗಮನಿಸುವುದು ಅಪರೂಪ. ‘ಆಪ್ತಮೀಮಾಂಸೆ’ಯಂತಹ ತರ್ಕಗ್ರಂಥವನ್ನು ರಚಿಸಿದ ಮಹಾವಿದ್ವಾಂಸರೇ ಈ ಎಚ್ಚರಿಕೆಯನ್ನು ನೀಡಿರುವುದರಿಂದ ಇದನ್ನು ವಿದ್ಯೆಯ ನಿಂದೆಯೆಂದು ತಿಳಿಯುವಂತಿಲ್ಲ.

ಈ ವಿಚಾರಕ್ಕೆ ಗ್ರಂಥದಲ್ಲಿ ದೊರೆತಿರುವ ಸ್ಥಾನವು ಇನ್ನೂ ಮುಖ್ಯವಾದುದು. ಆಚಾರ್ಯರು ಮದವನ್ನು ಚಾರಿತ್ರದ ಭಾಗದಲ್ಲಿ ಹೇಳದೆ ಸಮ್ಯಗ್ದರ್ಶನದ ಪ್ರಕರಣದಲ್ಲಿಯೇ ಹೇಳಿದ್ದಾರೆ. ಎಂದ ಮೇಲೆ ಓದಿಲ್ಲದವರನ್ನು ಹೀಗಳೆಯುವುದು ಬರಿಯ ಸೌಜನ್ಯದ ಕೊರತೆಯಲ್ಲ. ಶ್ರದ್ಧೆಗೇ ತಗಲಿದ ಕಲಂಕ. ಸಹಧರ್ಮಿಗಳಿಗೆ ಮಾಡಿದ ಅವಮಾನವು ಧರ್ಮಕ್ಕೇ ಮುಟ್ಟುತ್ತದೆಂಬುದು ಅವರ ವಾದದ ತಿರುಳು.

ಆದರೆ ಈ ವಾದಕ್ಕೊಂದು ಪರಿಮಿತಿಯುಂಟು. ಅದು ರಕ್ಷಿಸುವುದು ಧರ್ಮನಿಷ್ಠರನ್ನು. ಸಮಾಜದ ಹೊರಗಿನ ನಿರಕ್ಷರಿಯ ಗತಿಯೇನು? ಇದಕ್ಕೆ ಉತ್ತರ ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯದಲ್ಲಿದೆ. ಪರನಿಂದೆ, ಆತ್ಮಪ್ರಶಂಸೆ, ಪರರ ಸದ್ಗುಣಗಳನ್ನು ಮರೆಮಾಚುವುದು ಇವು ನೀಚಗೋತ್ರಕರ್ಮದ ಆಸ್ರವಕ್ಕೆ ಕಾರಣಗಳೆನ್ನುವಾಗ, ಆ ಪರರು ಯಾವ ಮತದವರಿರಬೇಕೆಂಬ ಕಟ್ಟು ಅಲ್ಲಿಲ್ಲ. ಅಂಗಡಿಯಲ್ಲಿ ಮೂಟೆ ಹೊರುವ ಹಮಾಲನೂ ಆ ಮಾತಿನೊಳಗೆ ಸೇರುತ್ತಾನೆ.

ಕರ್ಮಸಿದ್ಧಾಂತವೂ ಇದನ್ನೇ ಸಮರ್ಥಿಸುತ್ತದೆ. ಪದವೀಧರನ ಅರಿವೂ ಹಮಾಲನ ಅರಿವೂ ಜ್ಞಾನಾವರಣೀಯ ಕರ್ಮದ ಕ್ಷಯೋಪಶಮದಿಂದಲೇ ಬಂದವು. ಅಂತರ ಪ್ರಮಾಣದ್ದು, ಸ್ವರೂಪದ್ದಲ್ಲ. ಆ ಕರ್ಮದ ಪೂರ್ಣಕ್ಷಯ ಕೇವಲಜ್ಞಾನಿಗೆ ಮಾತ್ರ. ಕುಂದಕುಂದಾಚಾರ್ಯರ ‘ಭಾವಪಾಹುಡ’ದಲ್ಲಿ ಆ ಪದವಿ ದೊರೆತುದು ಯಾರಿಗೆ? ಹನ್ನೊಂದು ಅಂಗಗಳನ್ನು ಓದಿದ ಭವ್ಯಸೇನನಿಗೆ ಭಾವಶ್ರಮಣತ್ವವೂ ದಕ್ಕಲಿಲ್ಲ. ಉದ್ದು ಬೇರೆ, ಹೊಟ್ಟು ಬೇರೆ ಎಂಬಷ್ಟನ್ನೇ ನೆನೆಯುತ್ತಿದ್ದ ಶಿವಭೂತಿ ಮುನಿಗಳು ಭಾವಶುದ್ಧಿಯಿಂದ ಕೇವಲಜ್ಞಾನಿಗಳಾದರು.

ಈ ಕಥೆಯನ್ನು ಓದದಿರುವುದಕ್ಕೆ ನೆಪವಾಗಿ ಬಳಸಿದರೆ ಅದೂ ಅಪಾರ್ಥವೇ. ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲೊಂದಾಗಿ ಎಣಿಸಿದ ಧರ್ಮವಿದು. ಕಲಿತವನು ಕಲಿಸಬೇಕು, ಕಲಿಯದವನನ್ನು ನೋಡಿ ನಗಬಾರದು.

ಬಸದಿಯ ಆಡಳಿತ ಸಭೆಯಲ್ಲಿ ಶಾಲೆ ಕಾಣದ ಸದಸ್ಯರೊಬ್ಬರು ಲೆಕ್ಕಪತ್ರದ ಬಗ್ಗೆ ಕೇಳಿದ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸುವುದು, ಭಕ್ತಾಮರವನ್ನು ಕಂಠಪಾಠವಾಗಿ ಬಲ್ಲ ಅಜ್ಜಿಯನ್ನು ಸ್ವಾಧ್ಯಾಯದಲ್ಲಿ ಅಲಕ್ಷಿಸುವುದು, ವರನ ಶೀಲವನ್ನು ವಿಚಾರಿಸುವ ಮೊದಲೇ ಪದವಿಯನ್ನು ತೂಗುವುದು ಇವೆಲ್ಲ ಜ್ಞಾನಮದದ ದಿನನಿತ್ಯದ ರೂಪಗಳು. ಪಾಠಶಾಲೆಯ ಮಕ್ಕಳಿಗೆ ಅಷ್ಟಮದಗಳನ್ನು ಬಾಯಿಪಾಠ ಮಾಡಿಸುವ ಹಿರಿಯರು, ಆ ಎಣಿಕೆಯ ಮೊದಲ ಪದವನ್ನು ತಮ್ಮ ಸಭೆಗಳಿಗೇ ಮೊದಲು ಅನ್ವಯಿಸಿಕೊಳ್ಳುವುದು ಯುಕ್ತ.