ಎಮಿಲಿಯ ಮನೆಯವರು ಎಲ್ಲಿ?

ಟಿಮ್ ಬರ್ಟನ್ ಮತ್ತು ಮೈಕ್ ಜಾನ್ಸನ್ ನಿರ್ದೇಶನದ ಸ್ಟಾಪ್-ಮೋಷನ್ ಗೊಂಬೆ ಚಿತ್ರ ‘ಕಾರ್ಪ್ಸ್ ಬ್ರೈಡ್’ (2005) ನೋಡುವಾಗ ಸತ್ತ ವಧು ಎಮಿಲಿಯ ಮುಸುಕಿನ ಮೇಲೆ ಕಣ್ಣಿಡಿ. ಗಾಳಿಗೆ ಹಾರುತ್ತಿರುವ ಆ ಬಟ್ಟೆಗೆ ಗಾಳಿ ಸೋಕಿಯೇ ಇಲ್ಲ. ಒಳಗೆ ತೆಳ್ಳಗಿನ ತಂತಿ ಇದೆ. ಅದನ್ನು ಒಂದಿಷ್ಟೇ ಬಗ್ಗಿಸಿ, ಕೈ ಹಿಂದೆಗೆದು, ಒಂದು ಫೋಟೊ; ಮತ್ತೆ ಬಗ್ಗಿಸಿ ಇನ್ನೊಂದು. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮು, ಚಿತ್ರ 77 ನಿಮಿಷ. ಫ್ರೇಮುಗಳ ಲೆಕ್ಕ ಲಕ್ಷ ದಾಟುತ್ತದೆ.

ಮುಖಗಳ ಕೆಲಸ ಇನ್ನೂ ನಾಜೂಕು. ‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’ನಲ್ಲಿ (1993) ನಾಯಕ ಜ್ಯಾಕ್‌ನ ಭಾವ ಬದಲಾದಾಗಲೆಲ್ಲ ತಲೆಯನ್ನೇ ಬದಲಿಸುತ್ತಿದ್ದರು. ಇಲ್ಲಿ ಸಿಲಿಕೋನ್ ಚರ್ಮದ ಕೆಳಗೆ ಗಡಿಯಾರದಲ್ಲಿರುವಂಥ ಪುಟ್ಟ ಹಲ್ಲುಚಕ್ರಗಳು. ಕಿವಿಯೊಳಗೆ ಕೀಲಿ ತೂರಿಸಿ ತಿರುಗಿಸಿದರೆ ತುಟಿಯಂಚು ಒಂಚೂರು ಮೇಲೇಳುತ್ತದೆ. ಅರಿಯದೆ ಎಮಿಲಿಯನ್ನು ಮದುವೆಯಾಗಿಬಿಡುವ, ಬದುಕಿರುವ ಹುಡುಗ, ಮೀನು ವ್ಯಾಪಾರಿಯ ಮಗ ವಿಕ್ಟರ್‌ನ ಸಂಕೋಚ ಸಂಭಾಷಣೆಗಿಂತ ಮೊದಲೇ ಮುಖಕ್ಕೆ ಬರುವುದು ಹೀಗೆ. ಅವನು ನುಡಿಸುವ ಪಿಯಾನೊದ ಮೇಲೆ ‘ಹ್ಯಾರಿಹೌಸನ್’ ಎಂದು ಬರೆದಿದೆ. ಈ ಕಲೆಯ ಹಿರಿಯ ರೇ ಹ್ಯಾರಿಹೌಸನ್‌ಗೆ ಸಲ್ಲಿಸಿದ ನಮಸ್ಕಾರ ಅದು. ಬದುಕಿರುವವರ ಊರು ಬೂದಿ ಬಣ್ಣ, ಸತ್ತವರ ಲೋಕ ಜಾತ್ರೆ. ಖಳ ಬಾರ್ಕಿಸ್ ಮಾತ್ರ ನನಗೆ ಸಪ್ಪೆ. ಎಮಿಲಿಯ ಕಣ್ಣುಗುಡ್ಡೆ ತಳ್ಳಿಕೊಂಡು ಹೊರಬಂದು ಬುದ್ಧಿ ಹೇಳುವ ಹುಳುವಿಗಿರುವ ಕಳೆಯೂ ಅವನಿಗಿಲ್ಲ.

ಇಲ್ಲಿ ಬಹ್ರೇನಿನ ಉಮ್ ಅಲ್ ಹಸ್ಸಮ್‌ನ ನಮ್ಮ ಫ್ಲ್ಯಾಟಿನಲ್ಲಿ ಮೊನ್ನೆ ಈ ಚಿತ್ರ ಹಾಕಿದಾಗ ಪಕ್ಕದ ಮನೆಯ ಪುತ್ತೂರಿನ ಅಕ್ಕ ಒಂದೇ ಪ್ರಶ್ನೆ ಕೇಳಿದರು: “ಅಲ್ಲ ಮಾರಾಯ್ರೆ, ಆ ಹುಡುಗಿಗೆ ಮನೆಯವರು ಅಂತ ಯಾರೂ ಇಲ್ವಾ?”

ತುಳುನಾಡಿನವರು ಕೇಳಲೇಬೇಕಾದ ಪ್ರಶ್ನೆ. ಮದುವೆಯಾಗದೆ ತೀರಿಕೊಂಡವರಿಗೆ ಆಟಿ ತಿಂಗಳಲ್ಲಿ ಕುಲೆ ಮದಿಮೆ, ಅಂದರೆ ಪ್ರೇತ ಮದುವೆ, ಮಾಡಿಸುವ ಸೀಮೆ ಅದು. ಕುರ್ಚಿಗಳ ಮೇಲೆ ಸೀರೆ, ಪಂಚೆ ಇಟ್ಟು, ಧಾರೆ ಎರೆದು, ಊಟ ಹಾಕಿಸುತ್ತಾರೆ. 2024ರಲ್ಲಿ ಪುತ್ತೂರಿನ ಕುಟುಂಬವೊಂದು, ಮೂವತ್ತು ವರ್ಷದ ಹಿಂದೆ ತೀರಿಹೋದ ಮಗಳಿಗೆ ಪ್ರೇತ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತನ್ನೇ ಕೊಟ್ಟಿತ್ತು. ಜಾತಿ, ಬರಿ (ಗೋತ್ರ) ಎಲ್ಲ ನೋಡಿಯೇ ಸಂಬಂಧ ಕೂಡಿಸುವುದು. ಆದರೆ ವಧು, ವರ ಇಬ್ಬರೂ ಸತ್ತವರೇ ಆಗಿರಬೇಕು. ಬದುಕಿರುವ ಹುಡುಗನ ತಂಟೆಗೆ ಯಾರೂ ಹೋಗುವುದಿಲ್ಲ.

ಬರ್ಟನ್ನನ ಕಥೆ ಹುಟ್ಟಿದ್ದು ಯಹೂದಿ ಜನಪದದಲ್ಲಿ. ಅದರ ಕಟ್ಟಲೆ ಬೇರೆ, ಒಪ್ಪೋಣ. ಆದರೂ ಚಿತ್ರದಲ್ಲಿ ಗುಟ್‌ನೆಕ್ಟ್ ಎಂಬ ವೃದ್ಧ ಅಸ್ಥಿಪಂಜರವಿದೆ, ಪಾತಾಳದ ಪುರೋಹಿತ. ಸಾವಿನವರೆಗೆ ಮಾತ್ರ ಮದುವೆಯ ಆಣೆ ಎಂದು ಗ್ರಂಥ ತಿರುವಿ ಹೇಳುತ್ತಾನೆ. ವಿಕ್ಟರ್ ವಿಷ ಕುಡಿದರೆ ಸರಿಹೋದೀತು ಎಂಬ ಉಪಾಯವೂ ಅವನದೇ. ನಮ್ಮ ಕಡೆಯ ಹಿರಿಯರಾಗಿದ್ದರೆ ಮೊದಲು ಅಲ್ಲೇ ಒಂದು ಸುತ್ತು ನೋಡುತ್ತಿದ್ದರು. ಸತ್ತವರ ಲೋಕದ ಹೆಂಡದಂಗಡಿಯಲ್ಲಿ ಕುಣಿಯುವ ಅಸ್ಥಿಪಂಜರಗಳ ನಡುವೆ ಗಂಡುಗಳಿಗೇನೂ ಬರ ಇರಲಿಲ್ಲ.