ನಮ್ಮ ಯಾತ್ರಾಕಥನಗಳಲ್ಲಿ ಕಾಣದ ಕುದುರೆ

ದೀಪಾವಳಿ ಕಳೆದು, ಯಮದ್ವಿತೀಯೆಯಂದು ಕೇದಾರನಾಥನ ದೇಗುಲದ ಬಾಗಿಲು ಮುಚ್ಚಿದ ಸುದ್ದಿ ಬಂದ ತರುವಾಯ, ಪ್ರತಿವರ್ಷವೂ ಈ ಮಾಸಪತ್ರಿಕೆಗೆ ಯಾತ್ರಾನುಭವದ ಲೇಖನಗಳು ಬರತೊಡಗುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಸದ್ಭಕ್ತರಿಗೆ ಕೇದಾರವು ನಕಾಶೆಯಲ್ಲಿ ದೂರವಾದರೂ ಮನಸ್ಸಿಗೆ ದೂರವಲ್ಲ. ಪಂಚಪೀಠಗಳಲ್ಲೊಂದಾದ ಉಜ್ಜಿನಿಯು ಇವರ ಮನೆಬಾಗಿಲಲ್ಲೇ ಇದೆ. ಇನ್ನೊಂದು ಪೀಠವಾದ ಕೇದಾರದ ಊಖೀಮಠದಲ್ಲಿ ರಾವಲರಾಗಿ ಪಟ್ಟವೇರುವವರು ದಕ್ಷಿಣದ ವೀರಶೈವ ಜಂಗಮರು, ಹೆಚ್ಚಾಗಿ ಕನ್ನಡನಾಡಿನವರು. ಗುಡಿಯಲ್ಲಿ ಪೂಜೆ ಸಲ್ಲಿಸುವವರು ಅವರ ಶಿಷ್ಯರು. ಹಿಮದ ನಡುವೆ ಕನ್ನಡದ ಮಾತು ಕಿವಿಗೆ ಬಿದ್ದಾಗ ಕಣ್ಣು ತುಂಬಿತೆಂದು ಬರೆಯದ ಯಾತ್ರಿಕನೇ ಇಲ್ಲ. ಅದು ಸಹಜ, ಸತ್ಯ. ಅದರ ವಿಷಯದಲ್ಲಿ ನಮ್ಮ ತಕರಾರಿಲ್ಲ.

ಈ ಬಾರಿ ಬಂದ ಲೇಖನಗಳಲ್ಲಿ ನಿವೃತ್ತ ಶಿಕ್ಷಕರೊಬ್ಬರದು ಉಳಿದವುಗಳಿಗಿಂತ ಒಂದು ಕೈ ಮೇಲು. ಭಾಷೆ ಶುದ್ಧ, ನಿರೂಪಣೆ ಅಚ್ಚುಕಟ್ಟು, ಭಕ್ತಿ ನಿಷ್ಕಪಟ. ಹದಿನಾಲ್ಕು ಪುಟಗಳ ಆ ಬರಹದ ಒಂಬತ್ತನೆಯ ಪುಟದಲ್ಲಿ ಹೀಗೊಂದು ವಾಕ್ಯವಿದೆ: ‘ಅರ್ಧ ದಾರಿಯಲ್ಲಿ ನಮ್ಮ ಕುದುರೆ ಬಿದ್ದುಬಿಟ್ಟಿದ್ದರಿಂದ ಬೇರೆ ಕುದುರೆ ಹಿಡಿದು ಮುಂದೆ ಸಾಗಿದೆವು.’ ಅದರ ಮುಂದಿನ ವಾಕ್ಯದಲ್ಲಿ ಮಂಜು ಸರಿದು ಶಿಖರ ಕಾಣುತ್ತದೆ. ಶಿವನ ಸ್ಮರಣೆ ಉಕ್ಕುತ್ತದೆ. ಬಿದ್ದ ಕುದುರೆ ಎದ್ದಿತೇ? ಅದರ ಒಡೆಯ ಏನು ಮಾಡಿದ? ಲೇಖನ ಮುಗಿದರೂ ಉತ್ತರವಿಲ್ಲ. ನಾವು ಆ ಪುಟವನ್ನು ಮೂರು ಸಲ ಓದಿದೆವು. ಇಷ್ಟು ಸಂವೇದನಶೀಲರಾದ ಬರಹಗಾರರ ಲೇಖನಿಯಿಂದ ಆ ವಾಕ್ಯ ಹೇಗೆ ಜಾರಿತೆಂಬ ಪ್ರಶ್ನೆಯೇ ಈ ವಿಮರ್ಶೆಗೆ ಕಾರಣ.

ಒಬ್ಬರ ಮೇಲೆ ದೋಷ ಹೊರಿಸುವ ಮೊದಲು ಹಳೆಯ ಸಂಚಿಕೆಗಳನ್ನು ತೆಗೆಸಿ ನೋಡಿದೆವು. ಎಲ್ಲೆಡೆಯೂ ಒಂದೇ ರೀತಿ. ಗೌರೀಕುಂಡದ ಬಿಸಿನೀರು ಇದೆ, ಮಂದಾಕಿನಿಯ ಭೋರ್ಗರೆತವಿದೆ, ಛತ್ರದ ಅಡಚಣೆಯಿದೆ, ಚಹಾದ ಬೆಲೆಯೂ ಇದೆ. ಕುದುರೆ ಬರುವುದು ಎರಡೇ ಕಡೆ: ಬಾಡಿಗೆ ಎಷ್ಟಾಯಿತೆಂಬ ಲೆಕ್ಕದಲ್ಲಿ ಮತ್ತು ಪ್ರಪಾತದ ಅಂಚಿನಲ್ಲಿ ನಡೆದು ಎದೆ ನಡುಗಿಸಿತೆಂಬ ವಿನೋದದಲ್ಲಿ. ಅದರ ಬಣ್ಣ, ವಯಸ್ಸು, ಹೆಸರು ಯಾವ ಕಥನದಲ್ಲಿಯೂ ಇಲ್ಲ. ಅದು ಕುದುರೆಯೇ ಅಲ್ಲ, ಬಹುಮಟ್ಟಿಗೆ ಹೇಸರಗತ್ತೆ ಎಂಬುದನ್ನು ಗಮನಿಸಿದವರೂ ವಿರಳ. ಕತ್ತೆಯೊಂದು ತಂದೆ, ಕುದುರೆಯೊಂದು ತಾಯಿ. ಎರಡು ಕುಲಕ್ಕೂ ಸೇರದೆ, ತನ್ನದೊಂದು ಸಂತಾನವನ್ನೂ ಪಡೆಯದೆ, ಹೊರುವುದಕ್ಕಾಗಿಯೇ ಹುಟ್ಟಿಸಲ್ಪಟ್ಟ ಜೀವವದು. ಕುಲದ ಹಮ್ಮನ್ನು ಖಂಡಿಸಿದ ಪರಂಪರೆಯವರಾದ ನಾವಾದರೂ ಅದರ ಕಡೆ ಒಮ್ಮೆ ತಿರುಗಿ ನೋಡಬೇಕಿತ್ತು.

ಹೀಗೆ ನೋಡದವರಲ್ಲಿ ಈ ಲೇಖಕನೂ ಒಬ್ಬ. 2009ರಲ್ಲಿ ನಾವು ಕೇದಾರಕ್ಕೆ ಹೋದಾಗ ಮೊಣಕಾಲಿನ ತೊಂದರೆಯಿಂದ ಪ್ರಾಣಿಯನ್ನೇರಿಯೇ ಹೋದೆವು. ಆಗ ಗೌರೀಕುಂಡದಿಂದ ದಾರಿ 14 ಕಿಲೋಮೀಟರು. 2013ರ ಜೂನ್ ತಿಂಗಳ ಪ್ರಳಯದಲ್ಲಿ ರಾಮ್‌ಬಾಡಾ ಕೊಚ್ಚಿಹೋದ ಮೇಲೆ ಹೊಸದಾಗಿ ಮಾಡಿದ ದಾರಿ ಸುಮಾರು 16 ಕಿಲೋಮೀಟರು. ಸುಮಾರು 6,500 ಅಡಿಯಿಂದ 11,700 ಅಡಿಯವರೆಗಿನ ಏರು. ಹಿಂದಿರುಗಿದ ಬಳಿಕ ಇದೇ ಪತ್ರಿಕೆಗೆ ಬರೆದ ಲೇಖನವನ್ನು ಮೊನ್ನೆ ಓದಿಕೊಂಡಾಗ ಮುಖ ತಗ್ಗಿತು. ‘ಪ್ರಾಣಿಯು ಮುಗ್ಗರಿಸಿದಾಗ ಶಿವನು ಕಾಪಾಡಿದನು’ ಎಂದು ಬರೆದಿದ್ದೇವೆ. ಶಿವನು ಕಾಪಾಡಿದ್ದು ನಮ್ಮನ್ನು. ಪ್ರಾಣಿಯ ಮುಂಗಾಲಿನ ಮಂಡಿ ಕಲ್ಲಿಗೆ ಬಡಿದು ಒಡೆದಿತ್ತು. ರಕ್ತ ಗೊರಸಿನವರೆಗೆ ಇಳಿದಿತ್ತು. ಕಡಿವಾಣ ಹಿಡಿದ ಹುಡುಗ ತನ್ನ ತಲೆಯ ವಸ್ತ್ರವನ್ನು ಹರಿದು ಕಟ್ಟಿದ; ನಾವು ಮತ್ತೆ ಹತ್ತಿ ಕುಳಿತೆವು. ಇದನ್ನು ನಾವು ಮರೆತಿರಲಿಲ್ಲ. ಬರೆಯುವಾಗ ಅದು ಬರೆಯತಕ್ಕ ವಿಷಯವೆಂದು ತೋರಲಿಲ್ಲ, ಅಷ್ಟೆ. ಮರೆವಿಗಿಂತ ಇದು ದೊಡ್ಡ ದೋಷ.

ಪುರಾತನರ ಕಥೆಗಳು ಹೀಗಿಲ್ಲ. ಮಹಾಪ್ರಸ್ಥಾನದ ಪ್ರಸಂಗವನ್ನೇ ನೋಡಿ. ಕುಮಾರವ್ಯಾಸನ ಕಾವ್ಯವು ಗದಾಪರ್ವಕ್ಕೇ ನಿಲ್ಲುವುದರಿಂದ ಈ ಭಾಗವು ನಮ್ಮ ಜನಕ್ಕೆ ಬಂದದ್ದು ಹೆಚ್ಚಾಗಿ ಪುರಾಣ ಹೇಳುವವರ ಬಾಯಿಂದ. ಹಿಮಾಲಯವನ್ನೇರುವ ಪಾಂಡವರು ಒಬ್ಬೊಬ್ಬರಾಗಿ ಬೀಳುತ್ತಾರೆ. ಕೊನೆಗೆ ಧರ್ಮರಾಯನ ಬಳಿ ಉಳಿಯುವುದು ಹಿಂದೆ ಬಂದ ನಾಯಿ ಮಾತ್ರ. ಇಂದ್ರನು ರಥ ತಂದು ನಿಲ್ಲಿಸಿದರೂ ನಾಯಿಯನ್ನು ಬಿಟ್ಟು ಏರಲಾರೆನೆಂದು ಆತ ಹಟ ಹಿಡಿಯುತ್ತಾನೆ. ಹಿಮಾಲಯ ಯಾತ್ರೆಯ ಆ ಮೂಲಕಥೆಯ ಕಟ್ಟಕಡೆಯ ಪರೀಕ್ಷೆ ನಡೆಯುವುದು ಜೊತೆಗೆ ಬಂದ ಮೂಕಪ್ರಾಣಿಯ ವಿಷಯದಲ್ಲಿ. ಸತಿ, ಸೋದರರು ಬಿದ್ದಾಗ ತಿರುಗಿ ನೋಡದೆ ನಡೆದವನು ಇಲ್ಲಿ ನಿಂತುಬಿಟ್ಟ.

ಅರವತ್ತುಮೂವರು ಪುರಾತನರಲ್ಲಿ ಒಬ್ಬನಾದ ಚೇರಮ ಪೆರುಮಾಳನ ಕಥೆಯಂತೂ ಕುದುರೆಯದೇ. ಸುಂದರಮೂರ್ತಿಯು ಬಿಳಿಯ ಆನೆಯನ್ನೇರಿ ಕೈಲಾಸಕ್ಕೆ ತೆರಳಿದನೆಂದು ತಿಳಿದ ಗೆಳೆಯ ಚೇರಮನು ತನ್ನ ಕುದುರೆಯನ್ನೇರಿ, ಅದರ ಕಿವಿಯಲ್ಲಿ ಪಂಚಾಕ್ಷರಿಯನ್ನು ಉಸುರಿದನಂತೆ. ಕುದುರೆ ಆಕಾಶಕ್ಕೆ ನೆಗೆಯಿತಂತೆ. ಪೆರಿಯಪುರಾಣದ ಈ ಪ್ರಸಂಗವನ್ನು ಪವಾಡವೆಂದು ಓದಿ ಮುಂದೆ ಹೋಗುವುದು ಸುಲಭ. ದೀಕ್ಷೆಯ ಅರ್ಥ ತಿಳಿದ ನಮ್ಮ ವಾಚಕರು ಒಂದು ಕ್ಷಣ ನಿಲ್ಲಬೇಕು. ಕಿವಿಯಲ್ಲಿ ಮಂತ್ರ ಹೇಳುವುದು ಯಾರಿಗೆ? ಶಿಷ್ಯನಿಗೆ. ಅರಸನು ಕುದುರೆಗೆ ಚಾವಟಿ ತೋರಿಸಲಿಲ್ಲ. ಅದನ್ನು ತನ್ನ ಸಹಭಕ್ತನನ್ನಾಗಿ ಮಾಡಿಕೊಂಡ. ಅಂತೆಯೇ ಅದು ಕೈಲಾಸ ಮುಟ್ಟಿತು.

ಇನ್ನೊಂದು ತುದಿಯಲ್ಲಿ ಮತ್ಸ್ಯಪುರಾಣದ ಪ್ರಯಾಗಮಾಹಾತ್ಮ್ಯವಿದೆ. ಎತ್ತನ್ನೇರಿ ತೀರ್ಥಕ್ಕೆ ಹೋಗುವವನಿಗೆ ಘೋರ ನರಕವೆಂದೂ, ಐಶ್ವರ್ಯದ ಲೋಭಮೋಹಗಳಿಂದ ವಾಹನದಲ್ಲಿ ಹೋಗುವವನಿಗೆ ಆ ತೀರ್ಥವೇ ನಿಷ್ಫಲವೆಂದೂ ಅಲ್ಲಿ ಹೇಳಿದೆ. ಇಂದು ಯಾರೂ ಈ ಮಾತನ್ನು ಅಕ್ಷರಶಃ ಪಾಲಿಸಲಾರರು. ರೈಲನ್ನೇರದೆ ಹರಪನಹಳ್ಳಿಯಿಂದ ಹರಿದ್ವಾರಕ್ಕೆ ಹೋಗುವುದೆಂತು? ಆದರೆ ಯಾರ ಬೆನ್ನ ಮೇಲೆ ಹೋದೆ ಎಂಬ ಪ್ರಶ್ನೆಯು ಪುಣ್ಯದ ಲೆಕ್ಕದೊಳಗೇ ಸೇರಿತ್ತು ಎಂಬುದು ಇದರಿಂದ ಸ್ಪಷ್ಟ. ಈಗ ಅದು ಖರ್ಚಿನ ಲೆಕ್ಕಕ್ಕೆ ಮಾತ್ರ ಸೇರಿದೆ. ಬಾಡಿಗೆ ಸಂದಾಯವಾದೊಡನೆ ಋಣ ತೀರಿತೆಂಬ ಭಾವನೆ ಬಂದುಬಿಡುತ್ತದೆ. ಋಣ ತೀರಿದ ವಸ್ತುವನ್ನು ಕುರಿತು ಬರೆಯುವುದೇನಿದೆ?

ನಮ್ಮ ಸೀಮೆಯ ಜನ ಪ್ರಾಣಿಯನ್ನು ಬರೆಯಲಾರರೆಂದು ಯಾರೂ ತಿಳಿಯಬಾರದು. ತುಂಗಭದ್ರೆಯ ದಂಡೆಯ ಕುರುವತ್ತಿಗೋ ಮೈಲಾರಕ್ಕೋ ಚಕ್ಕಡಿ ಹೂಡಿಕೊಂಡು ಹೋದುದನ್ನು ಇದೇ ಭಕ್ತರು ಬರೆದಾಗ ನೋಡಬೇಕು! ಎತ್ತಿಗೆ ಹಿಂದಿನ ವಾರವೇ ಲಾಳ ಕಟ್ಟಿಸಿದ್ದು, ಕೋಡಣಸು ಹಾಕಿ ಗೆಜ್ಜೆ ಕಟ್ಟಿದ್ದು, ಎಡದ ಎತ್ತಿನ ಹೆಗಲು ಬಾತದ್ದು ಕಂಡು ಹಾದಿಯಲ್ಲೇ ಕೊಳ್ಳು ಹರಿದು ಅರಿಸಿನ ಎಣ್ಣೆ ಸವರಿದ್ದು, ಹುರುಳಿ ಬೇಯಿಸಿ ಎತ್ತುಗಳಿಗೆ ಇಟ್ಟ ಮೇಲೆಯೇ ಬುತ್ತಿ ಬಿಚ್ಚಿದ್ದು, ಎಲ್ಲವೂ ಅಲ್ಲಿ ಇದೆ. ಮೈಲಾರಲಿಂಗನ ವಾಹನವೇ ಕುದುರೆಯಾದುದರಿಂದ ಅಲ್ಲಿ ಮಣ್ಣಿನ ಕುದುರೆಗೂ ಕೈ ಮುಗಿಯುವ ಜನ ಇವರು. ಅದೇ ಕಣ್ಣು ಹೃಷೀಕೇಶ ದಾಟಿದ ಮೇಲೆ ಕುರುಡಾಗುವುದೇಕೆ? ನಮಗೆ ತೋರುವ ಉತ್ತರ ಹೀಗಿದೆ: ಎತ್ತು ತನ್ನದು, ನಾಳೆಯೂ ಹೊಲಕ್ಕೆ ಬೇಕಾದದ್ದು, ಗೌರೀಕುಂಡದ ಪ್ರಾಣಿ ನಾಳೆ ಇನ್ನೊಬ್ಬರದು. ಪಾದಯಾತ್ರೆಯಲ್ಲಿ ಕೊಟ್ಟೂರಿಗೆ ನಡೆದು ಬಂದವರ ಬರಹದಲ್ಲಿ ಕಾಲಿನ ಬೊಬ್ಬೆಯ ವರ್ಣನೆ ಎಷ್ಟು ವಿವರವಾಗಿರುತ್ತದೆ! ಕೇದಾರದಲ್ಲಿ ಬೊಬ್ಬೆಯೇಳುವುದು ಬೇರೊಂದರ ಬೆನ್ನಿಗೆ.

ಆ ಬೆನ್ನಿನ ಪಾಡು ಏನೆಂಬುದು ಈಗ ಗುಟ್ಟಾಗಿ ಉಳಿದಿಲ್ಲ. 2022ರ ಯಾತ್ರೆಯಲ್ಲಿ ಮೊದಲ ಕೆಲವು ವಾರಗಳಲ್ಲೇ ಕೇದಾರದ ದಾರಿಯಲ್ಲಿ ಸತ್ತ ಪ್ರಾಣಿಗಳ ಸಂಖ್ಯೆ ನೂರರ ಹತ್ತಿರ ಬಂದು, ವಿಷಯ ಉತ್ತರಾಖಂಡದ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ವಿಶ್ರಾಂತಿಯಿಲ್ಲದೆ ದಿನಕ್ಕೆ ಎರಡೆರಡು ಸಲ ಹತ್ತಿಸುವುದು, ಒಣಮೇವು ತಿನ್ನಿಸಿ ಕುಡಿಯಲು ಹಿಮದ ನೀರು ಕೊಡುವುದು, ಅದರಿಂದ ಕರುಳು ಹಿಡಿದು ಸಾಯುವುದು. ಬಿಸಿನೀರಿನ ತೊಟ್ಟಿಗಳನ್ನು ಕಟ್ಟಿಸಿದ್ದು ಆಮೇಲೆ. 2023ರ ಜೂನ್‌ನಲ್ಲಿ ದಣಿದ ಪ್ರಾಣಿಯ ಮೂಗು ಹಿಡಿದು ಬಲವಂತವಾಗಿ ಹೊಗೆ ಎಳೆಸುತ್ತಿದ್ದ ದೃಶ್ಯವನ್ನು ದೇಶವೆಲ್ಲ ಕಂಡಿತು. 2025ರ ಮೇ ತಿಂಗಳಲ್ಲಿ ಬಾಗಿಲು ತೆರೆದ ಕೆಲವೇ ದಿನಗಳಲ್ಲಿ, ಪ್ರಾಣಿಗಳಲ್ಲಿ ಜ್ವರದ ಸೋಂಕು ಹರಡಿದ್ದ ಹೊತ್ತಿನಲ್ಲಿ, ಎರಡು ದಿನಕ್ಕೆ 14 ಪ್ರಾಣಿಗಳು ಸತ್ತು ಸವಾರಿಯನ್ನೇ ನಿಲ್ಲಿಸಬೇಕಾಯಿತು. ನಮ್ಮ ಶಿಕ್ಷಕರ ಲೇಖನ ಆ ವರ್ಷದ್ದೇ.

ಕಾನೂನು ಇಲ್ಲದೆ ಇಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯಡಿ 1965ರಲ್ಲಿ ರಚಿಸಿದ ನಿಯಮಗಳು ತಟ್ಟುಕುದುರೆಗೆ 70 ಕಿಲೋ, ಹೇಸರಗತ್ತೆಗೆ 200 ಕಿಲೋ ಗರಿಷ್ಠ ಭಾರವೆಂದು ಗೊತ್ತುಮಾಡಿವೆ; ದಿನಕ್ಕೆ ಒಂಬತ್ತು ಗಂಟೆಗೆ ಮೀರಿ, ಬಿಡುವಿಲ್ಲದೆ ಐದು ಗಂಟೆಗೆ ಮೀರಿ ದುಡಿಸಕೂಡದೆಂದೂ ಹೇಳಿವೆ. ಎಪ್ಪತ್ತು ಕಿಲೋ! ಮಠದ ಪ್ರಸಾದವನ್ನು ಶ್ರದ್ಧೆಯಿಂದ ಸ್ವೀಕರಿಸುವ ನಮ್ಮ ಭಕ್ತರಲ್ಲಿ ತಟ್ಟು ಏರಲು ಅರ್ಹರಾದವರು ಎಷ್ಟು ಮಂದಿಯೆಂದು ಎಣಿಸಲು ನಮಗೆ ಧೈರ್ಯವಿಲ್ಲ. ಎಣಿಕೆಯನ್ನು ನಮ್ಮಿಂದಲೇ ಆರಂಭಿಸಬೇಕಾದೀತು.

ಕುದುರೆಯವನನ್ನು ರಾಕ್ಷಸನೆಂದು ಚಿತ್ರಿಸುವ ಬರಹಗಳೂ ಈಚೆಗೆ ಕಾಣುತ್ತಿವೆ. ಅದೂ ಅಷ್ಟೇ ಸುಳ್ಳು. ಆ ಕಣಿವೆಯ ಹಳ್ಳಿಗಳಿಗೆ ಆರು ತಿಂಗಳ ಯಾತ್ರೆಯೇ ವರ್ಷದ ಅನ್ನ. ಸಾಲ ಮಾಡಿ ಕೊಂಡ ಪ್ರಾಣಿ ಸತ್ತರೆ ಮನೆಯೇ ಬಿದ್ದಂತೆ. ಬೇಗ ನಡೆಸೆಂದು ಅವನನ್ನು ಅವಸರಿಸುವವರು ಯಾತ್ರಿಕರು. ಸಂಜೆಯೊಳಗೆ ದರ್ಶನ ಮುಗಿಸಿ ಮರುದಿನ ಬದರಿಗೆ ಹೊರಡಬೇಕಾದವರು. ವೃದ್ಧರಿಗೂ ಅಶಕ್ತರಿಗೂ ಸವಾರಿ ಬೇಡವೆನ್ನುವ ನಿಷ್ಠುರತೆಯೂ ನಮ್ಮದಲ್ಲ. ಸೋನ್‌ಪ್ರಯಾಗದಿಂದ 12.9 ಕಿಲೋಮೀಟರಿನ ತಂತಿದಾರಿಗೆ 2025ರ ಮಾರ್ಚಿನಲ್ಲಿ ಕೇಂದ್ರ ಸಂಪುಟವು ಒಪ್ಪಿಗೆ ನೀಡಿದೆ. ಅದು ಆದಾಗ ಆಗಲಿ. ಅಲ್ಲಿಯವರೆಗೆ ಹೊರುವವು ಇವೇ.

ಒಂದು ಸಂಗತಿಯನ್ನು ನಮ್ಮ ಯಾತ್ರಿಕರು ಪ್ರತಿಸಲವೂ ಭಾವಪೂರ್ಣವಾಗಿ ಬರೆಯುತ್ತಾರೆ. ಚಳಿಗಾಲ ಕಳೆದ ಮೇಲೆ ಊಖೀಮಠದಿಂದ ಕೇದಾರಕ್ಕೆ ಹೊರಡುವ ಪಂಚಮುಖಿ ಉತ್ಸವಮೂರ್ತಿಯ ಡೋಲಿಯು ಗುಪ್ತಕಾಶಿ, ಫಾಟಾ, ಗೌರೀಕುಂಡಗಳಲ್ಲಿ ತಂಗುತ್ತ, ಭಕ್ತರ ಭುಜದ ಮೇಲೆ ಏರುತ್ತದೆ. ದೇವರು ಕುದುರೆ ಬಾಡಿಗೆಗೆ ಹಿಡಿಯುವುದಿಲ್ಲ. ಡೋಲಿ ಹೊತ್ತವರ ಹೆಗಲನ್ನು ಕಾಣುವ ಕಣ್ಣು ಪಕ್ಕದಲ್ಲೇ ಹಾದುಹೋಗುವ ಬೆನ್ನನ್ನು ಕಂಡರೆ ನಮ್ಮ ಯಾತ್ರಾಸಾಹಿತ್ಯದ ಅರ್ಧ ಕೊರತೆ ತುಂಬೀತು.

ಬರುವ ಅಕ್ಷಯ ತೃತೀಯೆಗೆ ಹೊರಡುವವರು ಈ ಕೆಲವನ್ನು ನೋಡಿ ಬರೆಯಬೇಕೆಂದು ಸಂಪಾದಕರ ಪರವಾಗಿ ಕೇಳಿಕೊಳ್ಳುತ್ತೇವೆ. ಏರುವ ಮೊದಲು ಜೀನಿನ ಕೆಳಗಿನ ಬಟ್ಟೆಯನ್ನು ಎತ್ತಿಸಿ ಗಾಯವಿದೆಯೇ ನೋಡುವುದು. ಅಂದು ಅದಕ್ಕೆ ಅದು ಎಷ್ಟನೆಯ ಸವಾರಿಯೆಂದು ಕೇಳುವುದು. ನೋಂದಣಿಯಿಲ್ಲದ ಪ್ರಾಣಿಯನ್ನು ಅಗ್ಗವೆಂದು ಹಿಡಿಯದಿರುವುದು. ಇಳಿಜಾರಿನಲ್ಲಿ, ಆಗುವವರು ಇಳಿದು ನಡೆಯುವುದು. ಅದರ ಹೆಸರು ಕೇಳುವುದು. ಹೆಸರು ಇದ್ದೇ ಇರುತ್ತದೆ.

ಶಿಕ್ಷಕರ ಲೇಖನವನ್ನು ನಾವು ತಿರಸ್ಕರಿಸಲಿಲ್ಲ. ಒಂಬತ್ತನೆಯ ಪುಟದ ಆ ವಾಕ್ಯದ ಕೆಳಗೆ ಗೆರೆ ಎಳೆದು, ‘ಆಮೇಲೆ?’ ಎಂದಷ್ಟೇ ಬರೆದು ಹಿಂದಿರುಗಿಸಿದೆವು. ಹನ್ನೆರಡು ದಿನಗಳ ತರುವಾಯ ಉತ್ತರ ಬಂತು. ಪ್ರಣಾಮಗಳಾದ ಮೇಲೆ ಅವರು ಬರೆದಿದ್ದಾರೆ: ಅದು ಕಂದುಬಣ್ಣದ್ದು, ಕಿವಿಯೊಂದು ಸೀಳಿತ್ತು, ಎದ್ದೇಳಲು ಎರಡು ಸಲ ಪ್ರಯತ್ನಿಸಿತು, ಅದರ ಹುಡುಗ ಪಕ್ಕದಲ್ಲಿ ಕುಳಿತು ಅದರ ಕಿವಿಗೆ ಬಾಯಿಟ್ಟು ಏನನ್ನೋ ಹೇಳುತ್ತಿದ್ದ, ಭಾಷೆ ತಮಗೆ ತಿಳಿಯಲಿಲ್ಲ, ತಾವು ಬೇರೆ ಪ್ರಾಣಿಯನ್ನೇರಿ ತಿರುವು ದಾಟುವವರೆಗೂ ಅವನು ಹಾಗೆಯೇ ಕುಳಿತಿದ್ದ, ಮರುದಿನ ಇಳಿದು ಬರುವಾಗ ಆ ಜಾಗದಲ್ಲಿ ಜೀನು ಒಂದೇ ಇತ್ತು. ಈ ನಾಲ್ಕು ಪುಟಗಳನ್ನೂ ಸೇರಿಸಿಕೊಂಡು ಲೇಖನವು ಮುಂದಿನ ಸಂಚಿಕೆಯಲ್ಲಿ ಅಚ್ಚಾಗಲಿದೆ.